ಶುಚಿಗೊಳಿಸುವಲ್ಲಿ ನಿಂತ ಗಣಕ

ಅಪ್‌ಡೇಟ್ ಮುಗಿದು ವಿಂಡೋಸ್ ಮರಳಿ ತೆರೆದುಕೊಳ್ಳುವ ಮುನ್ನ ಕಾಣಿಸುವ 'ಕ್ಲೀನಿಂಗ್ ಅಪ್' ಎಂಬ ಸೂಚನೆ ತಾಸುಗಟ್ಟಲೆ ಕದಲದಿದ್ದರೆ ಗಣಕ ಕೆಟ್ಟಿತೆಂದು ಬಳಕೆದಾರರು ಸ್ವಿಚ್ಚಿಗೆ ಕೈಹಾಕುವುದುಂಟು. ಆದರೆ ಅನೇಕ ವೇಳೆ ಅದು ಕೆಟ್ಟಿರುವುದಿಲ್ಲ, ಎಷ್ಟು ಕೆಲಸ ಬಾಕಿಯಿದೆಯೆಂದು ಹೇಳದೆ ದುಡಿಯುತ್ತಿರುತ್ತದೆ.

ಆ ಕೆಲಸದ ತಾಣ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಿಂದೀಚೆಗೆ ಕಾರ್ಯಾಚರಣ ವ್ಯವಸ್ಥೆಯ ಘಟಕಗಳ ಉಗ್ರಾಣವಾಗಿರುವ ಇಲ್ಲಿ, ಹೊಸ ಆವೃತ್ತಿ ಬಂದರೂ ಹಳೆಯದು, ಅಪ್‌ಡೇಟನ್ನು ಹಿಂತೆಗೆಯಬೇಕಾದರೆ ಬೇಕಾದೀತೆಂದು, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳಂತೆ ಕೆಲಕಾಲ ಉಳಿದಿರುತ್ತದೆ. ಅದರ ಗಾತ್ರ ಕಂಡು ಗಾಬರಿಯಾಗಿ ಕೈಯಾರೆ ಅಳಿಸಹೊರಡುವುದು ಅವಿವೇಕ. ಅಲ್ಲಿನ ಬಹಳಷ್ಟು ಫೈಲುಗಳು ಹಾರ್ಡ್ ಲಿಂಕ್ ಮೂಲಕ, ಅಂದರೆ ಡಿಸ್ಕಿನಲ್ಲಿರುವ ಒಂದೇ ಫೈಲಿಗೆ ಎರಡು ವಿಳಾಸ ಕೊಡುವ ವಿಧಾನದಿಂದ, ಸಿಸ್ಟಂ32 ಫೋಲ್ಡರಿನಲ್ಲೂ ಕಾಣಿಸುವುದರಿಂದ ತೋರುವ ಗಾತ್ರ ನಿಜವಾದುದಕ್ಕಿಂತ ಹೆಚ್ಚಾಗಿರುತ್ತದೆ.

ವಿಂಡೋಸ್ 7ರ ಡಿಸ್ಕ್ ಕ್ಲೀನಪ್ ಸಾಧನಕ್ಕೆ ಹಳೆಯ ಅಪ್‌ಡೇಟುಗಳನ್ನು ತೆಗೆಯುವ ಶಕ್ತಿ ಬಂದದ್ದು 2013ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗಿನ ರಾಶಿಯನ್ನು ಒಮ್ಮೆಲೇ ಹೊರಹಾಕಹೊರಟ ಗಣಕಗಳು, ಅದರಲ್ಲೂ ತಿರುಗುವ ಡಿಸ್ಕಿನ ಹಳೆಯವು, ಮುಂದಿನ ಆರಂಭದಲ್ಲಿ ಏದುಸಿರು ಬಿಟ್ಟದ್ದು ಸಹಜವೇ. ವಿಂಡೋಸ್ 10ರಲ್ಲಿ ಇದೇ ಕೆಲಸ, ಹೊಸ ಘಟಕ ಬಂದು ಕನಿಷ್ಠ 30 ದಿನ ಕಳೆದ ಬಳಿಕ, 1 ಗಂಟೆಯ ಮಿತಿಯೊಳಗೆ ತಾನಾಗಿ ನಡೆಯುತ್ತದೆ. ಡಿಐಎಸ್‌ಎಂ ಎಂಬ ಸಾಧನದಿಂದ ಬಳಕೆದಾರನೇ ಆದೇಶಿಸಿದರೆ ಆ ಕಾಯುವಿಕೆಯೂ ಇಲ್ಲ, ಮಿತಿಯೂ ಇಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು ತೆರೆಯನ್ನಲ್ಲ, ಡಿಸ್ಕಿನ ಪುಟ್ಟ ದೀಪವನ್ನು. ಅದು ಮಿನುಗುತ್ತಿರುವವರೆಗೆ, ಒಂದು ರಾತ್ರಿಯೇ ಕಳೆದರೂ, ಕಾಯುವುದು ಲೇಸು. ದೀಪವೂ ಸತ್ತಂತಿದ್ದರೆ ಮಾತ್ರ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸಬೇಕಾಗುತ್ತದೆ. ಹೀಗೆ 2 ಬಾರಿ ಆರಂಭ ವಿಫಲವಾದಾಗ ವಿಂಡೋಸ್ 10 ಮತ್ತು 11 ತಾವಾಗಿಯೇ ರಿಕವರಿ ಪರಿಸರವನ್ನು, ಎಂದರೆ ವ್ಯವಸ್ಥೆಯ ಹೊರಗೆ ನಿಂತು ಅದನ್ನು ರಿಪೇರಿ ಮಾಡುವ ಕಿರುವ್ಯವಸ್ಥೆಯನ್ನು, ತೆರೆಯುತ್ತವೆ. ಅಲ್ಲಿ ಇತ್ತೀಚಿನ ಅಪ್‌ಡೇಟನ್ನು ತೆಗೆದುನೋಡಬಹುದು. ಅದೂ ಫಲಿಸದಿದ್ದರೆ ಡಿಐಎಸ್‌ಎಂನ 'ರಿವರ್ಟ್ ಪೆಂಡಿಂಗ್ ಆಕ್ಷನ್ಸ್' ಆದೇಶ ಅರೆಬರೆಯಾಗಿ ನಿಂತ ಬದಲಾವಣೆಗಳನ್ನು ಹಿಂದಕ್ಕೆ ತಿರುಗಿಸುತ್ತದೆ. ಆದರೆ ಆ ಪರಿಸರದಲ್ಲಿ ಸಿ ಡ್ರೈವು ಡಿ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆಯಿರುವುದರಿಂದ, ಆದೇಶ ಕೊಡುವ ಮುನ್ನ 'ಡಿಐಆರ್' ಎಂದು ಹೊಡೆದು ವಿಂಡೋಸ್ ಫೋಲ್ಡರ್ ಯಾವ ಅಕ್ಷರದಡಿ ಇದೆಯೆಂದು ನೋಡಿಕೊಳ್ಳಬೇಕಾಗುತ್ತದೆ.