ನಾಗಸ್ವರದ ಉಸಿರು, ಸ್ಯಾಕ್ಸೋಫೋನಿನ ಮೈ

ನಾಗಪುರದಲ್ಲಿ ಮದುವೆ ಸೀಸನ್ ಶುರುವಾದರೆ ಸಂಜೆ ಪ್ರತಾಪ ನಗರದ ರಸ್ತೆಗಳಲ್ಲಿ ಬೈಕ್ ಓಡಿಸುವುದೇ ಕಷ್ಟ. ವರನ ಮೆರವಣಿಗೆ, ಮುಂದೆ ಬ್ಯಾಂಡಿನವರು, ಅವರ ನಡುವೆ ಒಂದು ಸ್ಯಾಕ್ಸೋಫೋನ್. "ನಮ್ಮೂರಲ್ಲಿ ಇದರಲ್ಲಿ ತ್ಯಾಗರಾಜರ ಕೃತಿ ನುಡಿಸುತ್ತಾರೆ, ಅದೂ ದೇವಸ್ಥಾನದಲ್ಲಿ" ಎಂದರೆ ನನ್ನ ಮರಾಠಿ ಸಹೋದ್ಯೋಗಿಗಳು ನಗುತ್ತಾರೆ. ಅವರಿಗೆ ಅದು ಹಿಂದಿ ಸಿನಿಮಾ ಹಾಡಿನ ವಾದ್ಯ. ಕದ್ರಿ ಗೋಪಾಲನಾಥರ ವಿಡಿಯೊ ಹಾಕಿದ ಮೇಲೆ ನಗು ನಿಲ್ಲುತ್ತದೆ.

ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ಅದನ್ನೇ ಹಿಡಿಯಬೇಕಿತ್ತು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ್ದೇ ಹುಡುಗನ ದಾರಿ ಬದಲಾಯಿತು. ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಲು ಅವರಿಗೆ ಸುಮಾರು 20 ವರ್ಷ ಹಿಡಿಯಿತು.

ಯಾಕೆ ಅಷ್ಟು ಕಾಲ? ನಾನು ಎಂಜಿನಿಯರ್ ಬುದ್ಧಿಯಿಂದ ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯದ ರಂಧ್ರಗಳನ್ನು ಬೆರಳು ಮುಟ್ಟುವುದಿಲ್ಲ, ಕೀಲಿಗಳು ಮುಚ್ಚುತ್ತವೆ. ಮುಚ್ಚಿತು ಅಥವಾ ತೆರೆಯಿತು, ಅಷ್ಟೆ. ಒಂದು ಥರದ ಡಿಜಿಟಲ್. ನಾಗಸ್ವರದಲ್ಲಿ ಬೆರಳೇ ನೇರವಾಗಿ ರಂಧ್ರದ ಮೇಲಿರುತ್ತದೆ. ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು, ಸ್ವರದಿಂದ ಸ್ವರಕ್ಕೆ ಜಾರಬಹುದು. ಗಮಕ ಇರುವುದೇ ಆ ಜಾರುವಿಕೆಯಲ್ಲಿ. ಕೀಲಿ ಕೊಡದ ಆ ಜಾರನ್ನು ಗೋಪಾಲನಾಥರು ತುಟಿಯ ಒತ್ತಡದಿಂದ, ಉಸಿರಿನಿಂದ ತೆಗೆದರು. ವಾದ್ಯದಲ್ಲೂ ತಮಗೆ ಬೇಕಾದ ಕೆಲವು ಮಾರ್ಪಾಡು ಮಾಡಿಕೊಂಡರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಗುರುಗಳು.

1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಾನೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಏರಿದರಂತೆ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, ಬಿಬಿಸಿ ಪ್ರಾಮ್ಸ್. ನನಗೆ ಹೆಚ್ಚು ಇಷ್ಟವಾದ ಸಂಗತಿ ಮಾತ್ರ ಇನ್ನೊಂದು. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ (ಹೆಸರು ಕೇಳಿದರೆ ದಾವಣಗೆರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಅನ್ನಿಸುತ್ತದೆ) ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಆಲ್ಬಂ ಒಂದನ್ನು ಕೊಟ್ಟರು. ತಮಾಷೆ ಉಲ್ಟಾ ಹೊಡೆಯಿತು. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಂ ತಂದರು. ಸುಭಾಷ್ ನಗರ ಮೆಟ್ರೊ ನಿಲ್ದಾಣದಿಂದ ಆಫೀಸಿಗೆ ಹೋಗುವಾಗ ನಾನು ಕೇಳುವುದು ಅದನ್ನೇ.

ಆದರೆ ಹೊರಗೆ ಹೋಗುವ ಸಂಗೀತ ಎಲ್ಲವನ್ನೂ ಜೊತೆಗೆ ಒಯ್ಯುವುದಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಸಿಕು ಎಂಬ ಬಿದಿರುಕೊಳವೆಗಳ ವಾದ್ಯವಿದೆ. ಅದು ಜೋಡಿ ವಾದ್ಯ: ಅರ್ಧ ಸ್ವರಗಳು ಒಬ್ಬನ ಕೈಯಲ್ಲಿ, ಉಳಿದರ್ಧ ಇನ್ನೊಬ್ಬನ ಕೈಯಲ್ಲಿ, ಇಬ್ಬರೂ ಸರದಿಯಂತೆ ಊದಿದರೇ ರಾಗ ಪೂರ್ತಿ. ಯುರೋಪಿನ ರಸ್ತೆ, ವೇದಿಕೆಗಳಿಗೆ ಬಂದಾಗ ಒಬ್ಬನೇ ಎರಡನ್ನೂ ಹಿಡಿದು ನುಡಿಸುವುದು ಸಾಮಾನ್ಯವಾಯಿತು. ಕೇಳುವವರಿಗೆ ರಾಗ ಸಿಕ್ಕಿತು. ಎದುರು ನಿಲ್ಲುತ್ತಿದ್ದ ಜೊತೆಗಾರ ಊರಲ್ಲೇ ಉಳಿದ.

ನಮ್ಮಲ್ಲಿ ಊರಲ್ಲೇ ಉಳಿದದ್ದು ನಾಗಸ್ವರ, ಡೋಲು. ಈಗ ಅದಕ್ಕೆ ಊರಲ್ಲೂ ಜಾಗ ಕಡಿಮೆ. ದಕ್ಷಿಣ ಕನ್ನಡದ ಮದುವೆ, ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ಸೆಟ್ ಮಾಮೂಲಾಗಿದೆ. ಇದಕ್ಕೆ ಗೋಪಾಲನಾಥರನ್ನು ದೂರುವುದು ಅನ್ಯಾಯ. ಅವರು ಊದಿದ್ದು ಅಪ್ಪನ ನಾಗಸ್ವರವನ್ನೇ, ಕೇಳಿದರೆ ಗೊತ್ತಾಗುತ್ತದೆ. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅವರ ನಂತರ ಸ್ಯಾಕ್ಸೋಫೋನ್ ಹಿಡಿದ ಹುಡುಗರಲ್ಲಿ ಎಷ್ಟು ಮಂದಿ ಮೊದಲು ನಾಗಸ್ವರದ ಗಮಕವನ್ನು ಕಿವಿಗೊಟ್ಟು ಕೇಳಿದ್ದಾರೆ ಎಂಬುದು ನನ್ನ ಆತಂಕ. ಮೂಲವನ್ನೇ ಕೇಳದೆ ನಕಲಿನ ನಕಲು ಮಾಡಿದರೆ ಏನಾಗುತ್ತದೆಂದು ಸಾಫ್ಟ್‌ವೇರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಬರುವ ಬೇಸಿಗೆಯಲ್ಲಿ ಪುತ್ತೂರಿನಲ್ಲಿ ತಂಗಿಯ ಮದುವೆ. ಅಪ್ಪ ಸ್ಯಾಕ್ಸೋಫೋನ್ ಸೆಟ್‌ಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದಾರೆ. ಧಾರೆಯ ಹೊತ್ತಿಗಾದರೂ ನಾಗಸ್ವರ ಇರಲಿ, ಖರ್ಚು ನನ್ನದು ಎಂದು ಫೋನಿನಲ್ಲಿ ಹೇಳಿದೆ. "ಎರಡೆರಡು ಯಾಕೆ ಮಾರಾಯ?" ಎಂದರು. ಮೊನ್ನೆ ಅವರೇ ಫೋನ್ ಮಾಡಿದ್ದರು. ಒಬ್ಬರು ಸಿಕ್ಕಿದ್ದಾರಂತೆ, ವಯಸ್ಸಾಗಿದೆಯಂತೆ. ಅವರ ಜೊತೆ ಡೋಲಿಗೆ ಜನ ಹುಡುಕುತ್ತಿದ್ದಾರೆ.