ಪ್ರೋಟಾನ್ ಯಾಕೆ ಒಡೆದುಹೋಗಲ್ಲ?



ಕಲ್ಲು, ರಾಗಿ, ದನ, ನಾವು, ಎಲ್ಲದರ ಒಳಗೂ ಪ್ರೋಟಾನ್ ಎಂಬ ಕಣ ಇದೆ ಎಂದು ಪಾಠದಲ್ಲಿ ಓದಿದ್ದೇವೆ. ಅದು ಒಡೆಯದೆ ಹಂಗೇ ಯಾಕೆ ಉಳಿದಿದೆ ಅಂತ ನಾನು ಕೇಳಿಕೊಂಡಿರಲಿಲ್ಲ. ಕೋಲಾರದ ಚಿನ್ನದ ಗಣಿಯ ವಿಷಯ ಓದುವಾಗ ಈ ಪ್ರಶ್ನೆ ಸಿಕ್ಕಿತು.

ಆ ಗಣಿಯಲ್ಲಿ ಹುಡುಕಿದ್ದು ಚಿನ್ನ ಒಂದನ್ನೇ ಅಲ್ಲ. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದಲ್ಲೇ ಅಲ್ಲಿ ಕೆಳಗಿಳಿದು, ಆಕಾಶದಿಂದ ಬರುವ ಕಣಗಳನ್ನು ಅಳೆದರು. ಆಮೇಲೆ 1980ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಭಾರತ ಮತ್ತು ಜಪಾನಿನ ವಿಜ್ಞಾನಿಗಳು 140 ಟನ್ ತೂಕದ ಯಂತ್ರ ಇಟ್ಟರು. ಕಬ್ಬಿಣದ ತಗಡು, ನಡುನಡುವೆ ಅನಿಲ ತುಂಬಿದ ಕೊಳವೆಗಳು. ಎಲ್ಲಾ ಯಾತಕ್ಕೆ? ಒಂದೇ ಒಂದು ಪ್ರೋಟಾನ್ ಸಾಯೋದನ್ನು ನೋಡೋಕೆ! ಅಷ್ಟು ಆಳ ಯಾಕೆಂದರೆ, ಮೇಲಿಂದ ಮಳೆಯಂತೆ ಸುರಿಯುವ ಬೇರೆ ಕಣಗಳನ್ನು ಬಂಡೆ ತಡೀಬೇಕು. ಕೆಲವು ಗುರುತು ಕಂಡವು ಎಂದು ಅವರು ಪ್ರಕಟಿಸಿದರು. ಆದರೆ ಬೇರೆ ದೇಶಗಳ ಇನ್ನೂ ದೊಡ್ಡ ಯಂತ್ರಗಳಿಗೆ ಅಂಥದ್ದು ಕಾಣಲಿಲ್ಲ. ಇವತ್ತು ಜಪಾನಿನ ಸೂಪರ್ ಕಾಮಿಯೋಕಾಂಡೆ ಯಂತ್ರದ ಲೆಕ್ಕದಲ್ಲಿ, ಪ್ರೋಟಾನ್ ಒಂದು ಮುಖ್ಯ ರೀತಿಯಲ್ಲಿ ಒಡೆಯೋಕೆ 1ರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಕ್ಕಿಂತ ಹೆಚ್ಚು ಬೇಕು. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ!

ಇಲ್ಲಿ ಒಂದು ತೊಡಕು ಬರುತ್ತದೆ. ಸೂಪರ್ ಸಿಮೆಟ್ರಿ ಎಂಬ ಸಿದ್ಧಾಂತದ ಪ್ರಕಾರ ನಾವು ಕಂಡ ಪ್ರತಿ ಕಣಕ್ಕೂ ಕಾಣದ ಒಂದು ಜೋಡಿ ಕಣ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ, 2024ರಲ್ಲಿ ತೀರಿಕೊಂಡ ರೋಹಿಣಿ ಗೋಡ್ಬೋಲೆ ಅವರು ಇಬ್ಬರ ಜೊತೆ ಸೇರಿ ಇದರ ಮೇಲೆ 2004ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಆದರೆ ಈ ಜೋಡಿ ಕಣಗಳನ್ನು ಮನಸ್ಸಿಗೆ ಬಂದಂಗೆ ಬಿಟ್ಟರೆ, ಅವುಗಳ ಮೂಲಕ ಪ್ರೋಟಾನ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದುಹೋಗಬೇಕು.

ತಡೆಯೋದು ಯಾವುದು? ಹುಣಸೆ ಬೀಜ ಮುಷ್ಟಿಯಲ್ಲಿ ಹಿಡಿದು "ಸರಿಯೋ ಬೆಸವೋ" ಅಂತ ಆಡ್ತೀವಲ್ಲ, ಅದೇ ಆಟ! ನಮಗೆ ಗೊತ್ತಿರೋ ಕಣಗಳೆಲ್ಲ ಸರಿ, ಜೋಡಿ ಕಣಗಳೆಲ್ಲ ಬೆಸ. ಮೊದಲಿದ್ದದ್ದು ಸರಿ ಆದರೆ ಕೊನೆಗೂ ಸರಿಯೇ ಇರಬೇಕು. ಪ್ರೋಟಾನಿನೊಳಗಿನ ಎರಡು ಕ್ವಾರ್ಕ್ ಕೂಡಿ ಒಂದು ಜೋಡಿ ಕಣ ಆಗೋ ಹಂಗಿಲ್ಲ. ಸರಿಗೆ ಸರಿ ಕೂಡಿದರೆ ಬೆಸ ಹೇಗೆ ಬಂದೀತು? ಹಾಗಾಗಿ ಬೇಗ ಒಡೆಯುವ ದಾರಿ ಮುಚ್ಚಿತು. ನಿಧಾನದ ದಾರಿಗಳು ಉಳಿದಿರಬಹುದು, ಗಣಿಯಲ್ಲಿ ಕಾದದ್ದು ಅಂಥದ್ದಕ್ಕೇ. ಇನ್ನೊಂದು ಲಾಭ: ಎಲ್ಲಕ್ಕಿಂತ ಹಗುರವಾದ ಬೆಸ ಕಣ ಒಡೆಯಲಾರದೆ ಉಳಿಯುತ್ತದೆ. ನಕ್ಷತ್ರಗಳ ನಡುವಿನ ಕಾಣದ ದ್ರವ್ಯ ಅದೇ ಇರಬಹುದು ಅಂತ ಊಹೆ.

ಸರಿ-ಬೆಸದಂಥ ಎಣಿಕೆಯ ನಿಯಮಕ್ಕೆ ಬಿಡಿ ಸಮ್ಮಿತಿ ಎನ್ನಬಹುದು. ಗಾಡಿ ಚಕ್ರ ನೋಡಿ. 12 ಅರೆಕಾಲು ಇದ್ದರೆ 30 ಡಿಗ್ರಿ ತಿರುಗಿಸಿದಾಗ ಮೊದಲಿನಂತೆಯೇ ಕಾಣುತ್ತದೆ, 10 ಡಿಗ್ರಿ ತಿರುಗಿಸಿದರೆ ಇಲ್ಲ. ಬೀಸುವ ಕಲ್ಲಿನ ಅಂಚು ಮಾತ್ರ ಎಷ್ಟು ತಿರುಗಿಸಿದರೂ ಒಂದೇ.

ನನಗೆ ಬಲು ಇಷ್ಟವಾದ ಭಾಗ ಈಗ. ನ್ಯೂಟ್ರಾನಿನೊಳಗೆ ವಿದ್ಯುತ್ತು ಒಂದು ಕಡೆಗೆ ವಾಲಿರಬಹುದಿತ್ತು, ಅಳೆದರೆ ವಾಲಿಯೇ ಇಲ್ಲ. ಕಾರಣ ಹೇಳಲು 1977ರಲ್ಲಿ ಪೆಚ್ಚೈ ಮತ್ತು ಕ್ವಿನ್ ಬೀಸುವ ಕಲ್ಲಿನಂಥ ಪೂರ್ತಿ ದುಂಡನೆಯ ಸಮ್ಮಿತಿ ತಂದರು. ಅದರಿಂದ ಹೊಸ ಕಣ ಹುಟ್ಟುತ್ತದೆ ಎಂದು 1978ರಲ್ಲಿ ವೈನ್‌ಬರ್ಗ್ ಮತ್ತು ವಿಲ್ಚೆಕ್ ತೋರಿಸಿದರು. ತೊಡಕನ್ನು ತೊಳೆದುಹಾಕಿತು ಅಂತ ವಿಲ್ಚೆಕ್ ಅದಕ್ಕೆ ಅಮೆರಿಕದ ಒಂದು ಬಟ್ಟೆ ಸೋಪಿನ ಪುಡಿಯ ಹೆಸರನ್ನೇ ಇಟ್ಟರು, ಆಕ್ಸಿಯಾನ್! ಆದರೆ ಗುರುತ್ವಾಕರ್ಷಣೆ ಇಂಥ ದುಂಡನ್ನು ಕೆಡಿಸುತ್ತದೆ ಎಂಬ ಭಯ ಇದೆ. ಅದಕ್ಕೇ ಕೆಲವರು ಕಲ್ಲಿನ ಬದಲು ಚಕ್ರ ಸಾಕು ಅಂತಾರೆ. ಅರೆಕಾಲು ಹೆಚ್ಚಿದಷ್ಟೂ ಚಕ್ರ ದುಂಡಿಗೆ ಹತ್ತಿರವಾಗುತ್ತದೆ, ಕೆಡುವುದೂ ಅಷ್ಟು ಕಮ್ಮಿ.

ಇಷ್ಟೆಲ್ಲ ಹೇಳಿದ ಮೇಲೆ ನಿಜ ಹೇಳಬೇಕು. ಆಕ್ಸಿಯಾನ್ ಇನ್ನೂ ಸಿಕ್ಕಿಲ್ಲ. ಜೋಡಿ ಕಣಗಳೂ ಜಿನೀವಾ ಹತ್ತಿರದ ಸೆರ್ನ್ ಯಂತ್ರದಲ್ಲಿ 2010ರಿಂದ ಹುಡುಕಿದರೂ ಸಿಕ್ಕಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಪ್ರೋಟಾನಿನ ಯಂತ್ರ ಅದಕ್ಕೂ ಮೊದಲೇ ನಿಂತಿತ್ತು. ಜಪಾನಿನಲ್ಲಿ ಈಗಲೂ ಕಾಯ್ತಾ ಇದ್ದಾರೆ.