ಗಣಿಗಳಲ್ಲಿ ಆರ್ಕ್ ಫ್ಲ್ಯಾಶ್: ದರಪಟ್ಟಿಯಲ್ಲಿ ಕಾಣದ ವೆಚ್ಚ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಬೆಂಗಳೂರಿನ ಬೀದಿದೀಪಗಳಿಗಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ಆ ಗಣಿಗಳು 2001ರಲ್ಲಿ ಮುಚ್ಚಿದರೂ ಹಟ್ಟಿಯ ಭೂಗರ್ಭದಲ್ಲಿಯೂ ಬಳ್ಳಾರಿ-ಸಂಡೂರಿನ ಅದಿರು ಪ್ರದೇಶದಲ್ಲಿಯೂ ಕೆಲಸ ಸಾಗಿದೆ. ಇಂತಹ ಗಣಿಗಳಿಗೆ ಪ್ಯಾನೆಲ್ ಪೂರೈಸುವವರಲ್ಲಿ, ದುರಸ್ತಿಯ ಗುತ್ತಿಗೆ ಹಿಡಿಯುವವರಲ್ಲಿ ಸಣ್ಣ ಉದ್ಯಮಿಗಳೂ ಇದ್ದಾರೆ. ಅವರು ಅರಿತಿರಬೇಕಾದ ವಿಷಯವೊಂದಿದೆ.

ವಿದ್ಯುತ್ ಅಪಾಯವೆಂದೊಡನೆ ನೆನಪಾಗುವುದು ಶಾಕ್. ತಂತಿಯನ್ನು ಮುಟ್ಟದವನನ್ನೂ ಸುಡುವ ಅಪಾಯ ಆರ್ಕ್ ಫ್ಲ್ಯಾಶ್. ಜಾರಿಬಿದ್ದ ಸ್ಪ್ಯಾನರ್, ಬಸ್‌ಬಾರ್ ಮೇಲೆ ಕುಳಿತ ಅದಿರಿನ ಧೂಳು, ಸುರಂಗದ ತೇವ, ಇವುಗಳಲ್ಲಿ ಯಾವುದರಿಂದಲಾದರೂ ಎರಡು ಫೇಸ್‌ಗಳ ನಡುವೆ ಗಾಳಿಯ ಮೂಲಕವೇ ವಿದ್ಯುತ್ ಹರಿದರೆ ಅಲ್ಲಿನ ಉಷ್ಣತೆ ಸುಮಾರು 19,000 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ತಾಮ್ರವೇ ಆವಿಯಾಗಿ ಸ್ಫೋಟಿಸುತ್ತದೆ. ಅಮೆರಿಕದ ಎಂಜಿನಿಯರ್ ರಾಲ್ಫ್ ಲೀ 1982ರಲ್ಲಿ ಇದರ ಸುಡುವ ಶಕ್ತಿಯನ್ನು ಲೆಕ್ಕಹಾಕಿ ತೋರಿಸಿದರು. 2002ರಲ್ಲಿ ಐಇಇಇ 1584 ಮಾರ್ಗಸೂಚಿ ಬಂದು 2018ರಲ್ಲಿ ಪರಿಷ್ಕೃತವಾಯಿತು. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ ಶಾಖ ತಗುಲಿದರೆ ಬೊಬ್ಬೆಯೇಳುವ ಸುಟ್ಟಗಾಯ ಆಗಬಹುದೆಂದು ಎಣಿಕೆ.

ಲೆಕ್ಕಪರಿಶೋಧಕನ ಭಾಷೆಯಲ್ಲಿ ಹೇಳುವುದಾದರೆ ಈ ಶಾಖ ಸರಳಬಡ್ಡಿಯಂತೆ ಕಾಲಕ್ಕೆ ತಕ್ಕಂತೆ ಏರುತ್ತದೆ. ಬ್ರೇಕರ್ ಅರ್ಧ ಸೆಕೆಂಡಿನ ಬದಲು 0.1 ಸೆಕೆಂಡಿನಲ್ಲಿ ಟ್ರಿಪ್ ಆದರೆ ಶಾಖ ಸುಮಾರು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಗಣಿಯ ತೊಡಕು ಇಲ್ಲಿಯೇ. ಉದ್ದನೆಯ ಕೇಬಲ್‌ನ ತುದಿಯಲ್ಲಿ ದೋಷದ ವಿದ್ಯುತ್ ಪ್ರವಾಹ ಕಡಿಮೆ. ಅದನ್ನು ಗುರುತಿಸಲು ರಿಲೇ ಹೆಚ್ಚು ಹೊತ್ತು ತೆಗೆದುಕೊಂಡೀತು. ಕಡಿಮೆ ಪ್ರವಾಹವೇ ಹೆಚ್ಚು ಸುಟ್ಟೀತು. ಮೋಟಾರು ಹೊರಡುವಾಗ ಟ್ರಿಪ್ ಆಗುತ್ತದೆಂದು ರಿಲೇ ಸೆಟ್ಟಿಂಗ್ ಏರಿಸಿಡುವ ಅಭ್ಯಾಸ ಈ ಬೆಂಕಿಗೆ ತುಪ್ಪ ಸುರಿದಂತೆ.

ಸುರಕ್ಷತೆ ಎಂದರೆ ದುಬಾರಿ ಉಡುಪು ಎಂಬ ಭಾವನೆ ನಮ್ಮಲ್ಲಿದೆ. ಉಡುಪು ಬೇಕು, ಕರಗಿ ಮೈಗಂಟುವ ಪಾಲಿಯೆಸ್ಟರ್ ಅಂತೂ ಕೂಡದು. ಆದರೆ ಅದು ಕಡೆಯ ರಕ್ಷಣೆ. ಪೂರೈಕೆ ಕಡಿದು, ಬೀಗ ಹಾಕಿ, ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ ಕೈಯಿಡುವುದು ಮೊದಲನೆಯದು. ನಂತರ ರಿಲೇಗಳ ಮರುಹೊಂದಾಣಿಕೆ, ದೂರದಿಂದಲೇ ಬ್ರೇಕರ್ ಚಲಾಯಿಸುವ ಏರ್ಪಾಡು.

ಇನ್ನು ವಿಮೆ. ಬೆಂಕಿ ವಿಮೆಯ ಪ್ರಮಾಣಿತ ಪಾಲಿಸಿಯ ಹೊರತುಪಡಿಕೆಗಳಲ್ಲಿ ಶಾರ್ಟ್ ಸರ್ಕ್ಯೂಟ್ ಜೊತೆಗೆ ಆರ್ಕಿಂಗ್ ಎಂಬ ಪದ ಸ್ಪಷ್ಟವಾಗಿಯೇ ಇದೆ. ಕಿಡಿ ಹುಟ್ಟಿದ ಪ್ಯಾನೆಲ್‌ನ ನಷ್ಟ ಸಿಗದು. ಅಲ್ಲಿಂದ ಹಬ್ಬಿದ ಬೆಂಕಿಯ ನಷ್ಟ ಮಾತ್ರ ಸಿಕ್ಕೀತು. ಪ್ಯಾನೆಲ್‌ಗೆ ಯಂತ್ರ ವೈಫಲ್ಯ ಪಾಲಿಸಿ ಬೇರೆಯೇ ಬೇಕು. ಉತ್ಪಾದನೆ ನಿಂತ ದಿನಗಳ ನಷ್ಟ ಎರಡರಲ್ಲಿಯೂ ತಾನಾಗಿ ಸೇರದು.

ದುರಸ್ತಿಯ ದರಪಟ್ಟಿಗಳಲ್ಲಿ ಸಾಮಗ್ರಿ, ಕೂಲಿ, ತೆರಿಗೆ ಇರುತ್ತವೆ. ಪೂರೈಕೆ ಕಡಿದು ಕಾಯುವ ಗಂಟೆಗಳಿಗೆ ಪ್ರತ್ಯೇಕ ಸಾಲು ಅಪರೂಪ. ಆ ಗಂಟೆಗಳಿಗೆ ಹಣವಿಲ್ಲದೆ ಹೋದಾಗಲೇ ಲೈನ್ ಜೀವಂತವಿರುವಂತೆ ಪ್ಯಾನೆಲ್ ಬಾಗಿಲು ತೆರೆಯುವ ಒತ್ತಡ ಕಾರ್ಮಿಕನ ಮೇಲೆ ಬೀಳುವುದು. ಮುಂದಿನ ದರಪಟ್ಟಿಯಲ್ಲಿ ಆ ಸಾಲನ್ನು ಬರೆಯಿರಿ; ಪೂರೈಕೆ ಕಡಿಯುವ ಅನುಮತಿಪತ್ರಕ್ಕೆ ಯಾರು ಸಹಿ ಹಾಕಬೇಕೆಂಬುದನ್ನೂ ಕರಾರಿನಲ್ಲಿ ಸೇರಿಸಿ.